ಎರಡು ಗಂಟೆ ಅಂದ್ರೆ ಬೆಳಿಗ್ಗೆ ಎಂಟು

ಪ್ರೀತಿಯ ಪುಟ್ಟಿ,

ಸ್ವಯಂಸೇವೆಗೆ ಟಾಂಜಾನಿಯಾಕ್ಕೆ ಹೋಗ್ತೀನಿ ಅಂತ ನೀನು ಅಂದ ದಿನದಿಂದ ಅಮ್ಮ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಹುಚ್ಚು ಹಿಡಿಸಿದ್ದು ನಾನಂತೆ. ಇರಬಹುದು. ನೀನು ಹುಟ್ಟುವ ಮೊದಲು ಎರಡು ವರ್ಷ ಅಲ್ಲಿನ ಮೋಶಿಯಲ್ಲಿ ಕಾಫಿ ಲೆಕ್ಕ ಬರೆದವನಲ್ವಾ ನಾನು!

ನೀನು ಕಳಿಸಿದ ಜಾಗಗಳ ಪಟ್ಟಿ ನೋಡಿದೆ. ಜಾಂಜಿಬಾರ್ ದ್ವೀಪ ಚೆಂದ. ಲವಂಗದ ವಾಸನೆ, ಸ್ಟೋನ್ ಟೌನ್ ಗಲ್ಲಿಗಳ ಕೆತ್ತನೆ ಬಾಗಿಲು. ಕೊನೆಗೆ ನಾಲ್ಕು ದಿನ ತಿರುಗಾಡಿ ಬಾ. ಅರೂಷಾದ ಅನಾಥಾಶ್ರಮ ಮಾತ್ರ ಬೇಡ. ಮೂರು ವಾರ ಎತ್ತಿ ಆಡಿಸಿ, ಮಕ್ಕಳು ಹಚ್ಚಿಕೊಂಡ ಮೇಲೆ ವಿಮಾನ ಹತ್ತುವುದು ಎಂಥ ಸೇವೆ? ಅಂಥ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದೇ ಇರುತ್ತಾರೆ.

ನನ್ನ ಕೇಳಿದರೆ ಮೋಶಿಗೆ ಹೋಗು. ಕಿಲಿಮಂಜಾರೋ ಬುಡದ ಊರು. 5,895 ಮೀಟರಿನ ಬೆಟ್ಟ, ಆದರೂ ಹೆಚ್ಚಿನ ದಿನ ಬೆಳಿಗ್ಗೆ ಬೇಗ ಎದ್ದರೇ ಕಾಣುವುದು, ಆಮೇಲೆ ಮೋಡ. ಇಳಿಜಾರಿನಲ್ಲಿ ಚಗ್ಗಾ ಜನರ ತೋಟಗಳು. ಮೇಲೆ ನೆರಳಿನ ಮರ, ಕೆಳಗೆ ಬಾಳೆ, ಬಾಳೆಯ ಸಂದಿಯಲ್ಲಿ ಅರೇಬಿಕಾ ಕಾಫಿ, ನೆಲದಲ್ಲಿ ಕೆಸು. ಬೆಟ್ಟದ ತೊರೆಯಿಂದ ತೋಡಿದ ಕಾಲುವೆಯಲ್ಲಿ ನೀರು. ಮೊದಲ ಸಲ ನೋಡಿದಾಗ ಮೂಡಿಗೆರೆ ನೆನಪಾಗಿ ಗಂಟಲು ಕಟ್ಟಿತ್ತು. ಕಾಫಿ ಮಾರೋಕೆ ಅವರು 1933ರಲ್ಲೇ ಸಹಕಾರ ಒಕ್ಕೂಟ ಕಟ್ಟಿದವರು, ಅದಕ್ಕೇ ಕಲಿಸೋಕೆ ಹೋಗ್ತಿದ್ದೀನಿ ಅಂದುಕೊಳ್ಳಬೇಡ. ಕಾಂಡ ಕೊರೆಯೋ ಬೋರರ್ ಹುಳ ಹೊಕ್ಕ ಗಿಡ ಗುರುತಿಸ್ತೀಯ, ಕಸಿ ಮಾಡ್ತೀಯ. ಮಾತು ಶುರುವಾಗೋಕೆ ಅಷ್ಟು ಸಾಕು.

ಹಿರಿಯರು ಎದುರಾದರೆ ‘ಶಿಕಮೂ’ ಅನ್ನು. ಅವರು ‘ಮರಹಬಾ’ ಅನ್ನುತ್ತಾರೆ. ಅಷ್ಟಾಗುವವರೆಗೆ ಬೇರೆ ಮಾತಿಲ್ಲ. ಸ್ವಾಹಿಲಿ ಕಷ್ಟವೇನಲ್ಲ. ಸಾಬೂನಿಗೆ ‘ಸಬುನಿ’, ವಕೀಲನಿಗೆ ‘ವಕೀಲಿ’. ಗಂಟೆಯ ಲೆಕ್ಕ ಮಾತ್ರ ಹುಷಾರು. ಅವರು ಬೆಳಿಗ್ಗೆ ಆರರಿಂದ ಎಣಿಸುತ್ತಾರೆ, ಏಳಾದರೆ ಒಂದು ಗಂಟೆ. ‘ಎರಡಕ್ಕೆ ಬಾ’ ಅಂದಿದ್ದರು ಅಂತ ನಾನು ಊಟ ಮುಗಿಸಿ ಹೋದೆ. ಬೆಳಿಗ್ಗೆ ಎಂಟರಿಂದ ಕಾದ ಮುದುಕ ಬೈಯಲಿಲ್ಲ, ಬಾಳೆಹಣ್ಣು ಸುಲಿದು ಕೈಗಿಟ್ಟ.

ಟೂರಿಸ್ಟ್ ವೀಸಾದಲ್ಲಿ ಹೋಗಬೇಡ. ಸಂಬಳವಿಲ್ಲದ ಕೆಲಸಕ್ಕೂ ಪರವಾನಗಿ ಬೇಕು. ನೀನು ಕಟ್ಟುವ ಹಣದಲ್ಲಿ ಊರಿನವರಿಗೆ ಸಿಗೋದೆಷ್ಟು ಅಂತ ಸಂಸ್ಥೆಯವರನ್ನು ಬರವಣಿಗೆಯಲ್ಲೇ ಕೇಳು. ಉತ್ತರ ತಡವಾದರೆ ಬೇರೆ ಸಂಸ್ಥೆ ನೋಡೋಣ.

ಅಮ್ಮನ ಮುನಿಸು ಬಿಡು. ನಿನ್ನೆ ಚಟ್ನಿಪುಡಿಗೆ ಬ್ಯಾಡಗಿ ಮೆಣಸಿನಕಾಯಿ ತರಿಸಿದ್ದಾಳೆ. ಪ್ಲಾಸ್ಟಿಕ್ ಕವರಿಗೆ ಹಾಕಬೇಡ, 2019ರಿಂದ ಅಲ್ಲಿ ನಿಷೇಧ ಅಂದೆ. ಮಾತಾಡದೆ ಎದ್ದು ಹೋಗಿ ಅಟ್ಟದಿಂದ ಸ್ಟೀಲ್ ಡಬ್ಬಿ ಇಳಿಸಿದಳು.

ನಿನ್ನ ಅಪ್ಪ