ಶಿಖರದ ದಿನ ಹೊದಿಕೆ ಯಾರ ಬೆನ್ನ ಮೇಲಿದೆ?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ 'ಜನಜಂಗುಳಿ ಇಲ್ಲದ ಹಿಮಾಲಯ'ದ ಜಾಹೀರಾತುಗಳು ಮತ್ತೆ ಕಾಣಿಸಿಕೊಂಡಿವೆ. ಉತ್ತರಾಖಂಡದ ಕೇದಾರಕಂಠ ಶಿಖರದಂಥ ಚಾರಣದ ಜಾಗಗಳಲ್ಲಿ ಟೆಂಟುಗಳ ಸಂತೆ ನೋಡಿ ಬೇಸತ್ತವರು ಯಾರೂ ಓಡಾಡದ ಕಣಿವೆ ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಪಕ್ಕದ ತಂಡದ ಟೆಂಟೂ ಇರದು, ಚಹಾದಂಗಡಿಯೂ ಇರದು. ಸಿದ್ಧತೆ ಮಾತ್ರ ಹಳೆಯದೇ ಆಗಿರುತ್ತದೆ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ ಹಿಮಬಿರುಗಾಳಿಗೆ ಸಿಲುಕಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು. ಹೊಣೆ ಯಾರದೆಂಬ ಚರ್ಚೆಗೆ ಈ ಪತ್ರ ಬರೆಯುತ್ತಿಲ್ಲ. ನಮ್ಮಲ್ಲಿ ಬೇರೂರಿರುವ ಒಂದು ರೂಢಿಯ ಬಗ್ಗೆ ಹೇಳಬೇಕಿದೆ.

ಎತ್ತರದ ಸರೋವರಕ್ಕೋ ಶಿಖರಕ್ಕೋ ಹೋಗಿಬರುವ ದಿನ ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟವ್ ಎಲ್ಲವೂ ಶಿಬಿರದಲ್ಲೇ ಉಳಿಯುತ್ತವೆ. ಬೆನ್ನಿಗೆ ಬುತ್ತಿ, ಒಂದು ಲೀಟರ್ ನೀರು, ತೆಳುವಾದ ರೇನ್‌ಕೋಟ್ ಅಷ್ಟೇ. ಹಗುರಾಗಿ ಹೋದರೆ ಬೇಗ ಬರಬಹುದೆಂಬ ಲೆಕ್ಕ. ಮೇ–ಜೂನ್‌ನಲ್ಲಿ ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವುದು ಅಲ್ಲಿ ಮಾಮೂಲು. ಲೆಕ್ಕ ತಪ್ಪುವುದು ಆಗಲೇ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ತಟ್ಟುವುದು ಮೈನಸ್ 7ರ ಚಳಿ. ಬೆವರಿಗೆ ಒದ್ದೆಯಾದ ಹತ್ತಿ ಬನಿಯನ್ ಒಳಗಿದ್ದರೆ ಮೇಲಿನ ದುಬಾರಿ ಜಾಕೆಟ್ ಹೆಚ್ಚೇನೂ ಮಾಡಲಾರದು. ದಾರಿ ಕಾಣದೆ ತಂಡ ನಿಂತಿತೋ, ನಡಿಗೆಯಿಂದ ಹುಟ್ಟುತ್ತಿದ್ದ ಮೈಕಾವೂ ಹೋಯಿತು.

ಆದ್ದರಿಂದ ಆ ದಿನ ಆರು ಜನರ ಗುಂಪಿಗೆ ಇಷ್ಟಾದರೂ ಇರಲೇಬೇಕು: ಒಂದು ಟೆಂಟಿನ ಹೊರಹೊದಿಕೆ ಇಲ್ಲವೇ ಎಲ್ಲರೂ ಒಳಗೆ ಕೂತು ತಲೆಯ ಮೇಲೆ ಎಳೆದುಕೊಳ್ಳುವ, ಕಂಬಿಯಿಲ್ಲದ ತುರ್ತು ಹೊದಿಕೆ, ಎರಡು ಸ್ಲೀಪಿಂಗ್ ಬ್ಯಾಗ್, ಎರಡು ಫೋಮ್ ಮ್ಯಾಟ್, ಸ್ಟವ್, ಪಾತ್ರೆ, ಒಂದು ಗ್ಯಾಸ್ ಡಬ್ಬಿ. ಹಂಚಿಕೊಂಡರೆ ತಲೆಗೆ ಒಂದು ಕಿಲೋ ಆಸುಪಾಸು. ಬರೀ ಬ್ಯುಟೇನ್ ತುಂಬಿದ ಅಗ್ಗದ ಡಬ್ಬಿಯ ಉರಿ ಚಳಿಯಲ್ಲಿ ಕುಗ್ಗುತ್ತದೆ. ಐಸೊಬ್ಯುಟೇನ್–ಪ್ರೊಪೇನ್ ಮಿಶ್ರಣದ್ದೇ ಬೇಕು. ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಡೆಹ್ರಾಡೂನ್‌ನಲ್ಲಿ ಕೊಳ್ಳುವುದಕ್ಕೆ ಅರ್ಧ ದಿನ ಎತ್ತಿಡಿ. ಹೊದಿಕೆಯೊಳಗೆ ಮಾತ್ರ ಸ್ಟವ್ ಹಚ್ಚಲೇಬಾರದು. ಉರಿಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಚಳಿ ಹತ್ತಿದವರನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಜಾಕೆಟ್ಟಿನ ಜಿಪ್ ಎಳೆಯಲು ಬೆರಳು ತಡಕಾಡುತ್ತದೆ, ಆಮೇಲೆ ಮಾತು ತೊದಲುತ್ತದೆ, ಸಮ ನೆಲದಲ್ಲೂ ಕಾಲು ಎಡವುತ್ತದೆ. 'ಇನ್ನೊಂದು ಸ್ವಲ್ಪ ನಡೀರಿ, ಶಿಬಿರ ಬಂತು' ಎಂದು ಹುರಿದುಂಬಿಸುವ ಹೊತ್ತು ಅದಲ್ಲ. ಜಿಪ್ ತಡವರಿಸಿದಾಗಲೇ ಗಾಳಿಗೆ ಮರೆಯಾಗಿ ಮ್ಯಾಟ್ ಮೇಲೆ ಕೂರಿಸಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದನ್ನು ಹಾಕಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ, ಎಚ್ಚರವಿದ್ದು ನುಂಗಲು ಬಂದರೆ ಸಕ್ಕರೆ ಹಾಕಿದ ಬಿಸಿನೀರು ಕೊಡಬೇಕು. ಕೈಕಾಲು ಉಜ್ಜಬಾರದು, ಬ್ರಾಂದಿ ಬೇಡವೇ ಬೇಡ. ಮೈ ಬೆಚ್ಚಗಾಗದೆ ನಡುಕ ಮಾತ್ರ ನಿಂತಿತೆಂದರೆ ಸ್ಥಿತಿ ಬಿಗಡಾಯಿಸಿದೆ. ಅಂಥವರನ್ನು ನಡೆಸದೆ ಮಲಗಿಸಿಯೇ ಇಡಬೇಕು.

ವಾಪಸಾಗುವ ಗಂಟೆಯನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿ. ಎಲ್ಲಿದ್ದರೂ ಸರಿ, ಮಧ್ಯಾಹ್ನ 12ಕ್ಕೆ ತಿರುಗಲೇಬೇಕು. ಮೊಬೈಲ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಕೂರುತ್ತದೆ. ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದೆಯೂ ಜಿಪಿಎಸ್ ದಾರಿ ತೋರಿಸುತ್ತದೆ.

ಬುಕ್ ಮಾಡುವ ಮೊದಲು ಸಂಘಟಕರನ್ನು ಕೇಳಿ: ಶಿಖರದ ದಿನ ಹೊದಿಕೆ ಯಾರ ಬೆನ್ನ ಮೇಲಿರುತ್ತದೆ? ಉತ್ತರಕ್ಕೆ ತಡಕಾಡಿದರೆ ಬೇರೆ ಸಂಘಟಕರನ್ನು ನೋಡಿಕೊಳ್ಳಿ.

ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಸ್ಯಾಟಲೈಟ್ ಫೋನ್ ಬಳಸುವಂತಿಲ್ಲ. ಸಿಗ್ನಲ್ ಇಲ್ಲದ ಕಣಿವೆಯಿಂದ ಸುದ್ದಿ ಮುಟ್ಟಿಸಲು ಒಬ್ಬರು ಓಡಿಯೇ ಇಳಿಯಬೇಕು. ಪರವಾನಗಿ ಕೊಡುವ ಅರಣ್ಯ ವಿಭಾಗಗಳೇ ಠೇವಣಿ ಪಡೆದು ತಂಡಕ್ಕೊಂದು ವೈರ್‌ಲೆಸ್ ಸೆಟ್ ಕೊಡುವ ಏರ್ಪಾಡು ಮಾಡಲಿ, ಹೊರಡುವ ಮುನ್ನ ಮೇಲಿನ ಸಾಮಗ್ರಿಯನ್ನು ಬಿಚ್ಚಿಸಿ ನೋಡಲಿ. ಉತ್ತರಾಖಂಡ ಸರ್ಕಾರಕ್ಕೆ ನಮ್ಮ ಸರ್ಕಾರ ಈ ಬಗ್ಗೆ ಪತ್ರ ಬರೆಯಬೇಕು, ಅದೂ ಈ ಸಲದ ಚಾರಣ ಶುರುವಾಗುವುದರೊಳಗೆ.

– ಚಾರಣಾಸಕ್ತ, ಶಿವಮೊಗ್ಗ