ಬೀಗಲ್ ನಾಯಿಯ ಕೂಗು ಅದರ ದೋಷವಲ್ಲ

ಮಾನ್ಯ ಸಂಪಾದಕರೇ,

ಬೀದರ್‌ನ ಬಡಾವಣೆಗಳಲ್ಲಿ ಈಗ ಬೀಗಲ್ ತಳಿಯ ನಾಯಿಗಳು ಕಾಣಸಿಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ, ‘ಗಾತ್ರ ಚಿಕ್ಕದು, ಮಕ್ಕಳಿಗೆ ಬೇಗ ಒಗ್ಗುತ್ತದೆ’ ಎಂಬ ಮಾರಾಟಗಾರರ ಮಾತು ಕೇಳಿ ನಾನೂ ಒಂದು ಮರಿ ತಂದೆ. ಅದರ ದನಿಯ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾವು ಕೆಲಸಕ್ಕೆ ಹೋದ ಮೇಲೆ ಅದು ಕತ್ತೆತ್ತಿ ಎಳೆದೆಳೆದು ಕೂಗುವುದು ಓಣಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಪಕ್ಕದ ಮನೆಯ ಹುಡುಗಿ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ ಆಕೆಯ ತಾಯಿ ನಮ್ಮ ಬಾಗಿಲಿಗೆ ಬಂದು ನೊಂದು ಮಾತನಾಡಿದ್ದು ನ್ಯಾಯವೇ ಆಗಿತ್ತು.

ಬೇಟೆ ನಾಯಿ ಎಂದರೆ ನಮ್ಮವರಿಗೆ ನೆನಪಾಗುವುದು ಮುಧೋಳ ತಳಿ. ಅದು ಬೇಟೆಯನ್ನು ಕಣ್ಣಿನಿಂದ ಕಂಡು ಓಟದಿಂದ ಹಿಡಿಯುವ ನಾಯಿಯಾದ್ದರಿಂದ ಅದಕ್ಕೆ ಕೂಗುವ ಅಗತ್ಯ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು ಬೆಳೆಸಿದ ಬೀಗಲ್ ಗುಂಪುಗೂಡಿ, ಮೂಗನ್ನು ನೆಲಕ್ಕೆ ಹಚ್ಚಿ, ವಾಸನೆಯ ಜಾಡಿನಲ್ಲಿ ಸಾಗುತ್ತದೆ. ನಡೆದುಕೊಂಡು ಹಿಂದೆ ಬರುವ ಬೇಟೆಗಾರನಿಗೆ ಪೊದೆಯಾಚೆಯ ನಾಯಿ ಕಾಣುವುದಿಲ್ಲವಾದ್ದರಿಂದ, ಜಾಡು ಸಿಕ್ಕಿದ್ದನ್ನು ಅದು ಕೂಗಿಯೇ ತಿಳಿಸಬೇಕು. ದೂರಕ್ಕೆ ಮುಟ್ಟುವ ದನಿಗಾಗಿಯೇ ಮನುಷ್ಯ ಆಯ್ದು ಬೆಳೆಸಿದ ಪ್ರಾಣಿಯನ್ನು ಆ ದನಿಗಾಗಿಯೇ ಹೊಡೆಯುವುದು ಅನ್ಯಾಯ. ಗುಂಪಿನಲ್ಲಿ ಬಾಳುವ ತಳಿಯಾದ್ದರಿಂದ ಒಂಟಿತನವನ್ನೂ ಅದು ಸಹಿಸುವುದಿಲ್ಲ.

ಇದು ತಿಳಿದ ಮೇಲೆ ನಮ್ಮ ದಿನಚರಿ ಬದಲಾಯಿತು. ಬಿಸಿಲೇರುವ ಮುನ್ನ ಅದನ್ನು ಕೋಟೆಯ ಕಡೆಗೆ ಕರೆದೊಯ್ದು, ಅವಸರಪಡಿಸದೆ, ಬೇಕಾದಷ್ಟು ಹೊತ್ತು ನೆಲ ಮೂಸಲು ಬಿಡುತ್ತೇವೆ. ಮನೆಯಲ್ಲಿ ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಕಟಿರೊಟ್ಟಿಯ ಚೂರುಗಳನ್ನು ಬಚ್ಚಿಟ್ಟು ಹುಡುಕಲು ಬಿಡುತ್ತೇವೆ. ಮಧ್ಯಾಹ್ನ ಮನೆಯವರಲ್ಲಿ ಯಾರಾದರೊಬ್ಬರು ಬಂದುಹೋಗುತ್ತೇವೆ. ಕೂಗು ನಿಂತಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಗೇಟಿನ ಬಳಿ ಅಪರಿಚಿತರು ಬಂದಾಗಿನ ತುಂಡು ಬೊಗಳಿಕೆ ಯಾವುದು, ವಾಸನೆ ಹಿಡಿದಾಗಿನ ನೀಳ ಕೂಗು ಯಾವುದು ಎಂದು ಈಗ ಪಕ್ಕದ ಮನೆಯವರೂ ಗುರುತಿಸುತ್ತಾರೆ.

ಸರಪಳಿಯಲ್ಲಿ ಕಟ್ಟಿಹಾಕುವುದನ್ನೇ ಪರಿಹಾರವೆಂದುಕೊಂಡವರು ಒಂದು ವಿಷಯ ಗಮನಿಸಬೇಕು: ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಸೆಕ್ಷನ್ 11ರ ಪ್ರಕಾರ ಅಪರಾಧ.

ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುವ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರ್‌ನಲ್ಲಿಯೇ ಇದೆ. ಯಾವ ತಳಿ ಎಷ್ಟು ಕೂಗುತ್ತದೆ, ಎಷ್ಟು ನಡೆದಾಟ ಬೇಡುತ್ತದೆ ಎಂಬುದನ್ನು ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಪುಟದಷ್ಟು ಅಚ್ಚು ಹಾಕಿಸಿ ಪಶು ಆಸ್ಪತ್ರೆಗಳಲ್ಲಿ ಹಂಚಬೇಕೆಂದು ಅದನ್ನು ವಿನಂತಿಸುತ್ತೇನೆ. ಮರಿ ಮಾರುವವರು ಸಹ, ಹಣ ಪಡೆಯುವ ಮೊದಲು, ಬೆಳೆದ ಬೀಗಲ್ ಒಂದರ ಕೂಗನ್ನು ಕೊಳ್ಳುವವರಿಗೆ ಕೇಳಿಸಲಿ.

– ಓರ್ವ ಓದುಗ, ಬೀದರ್