ಮೂರು ಚುಕ್ಕಿಗಳ ಹಿಂದೆ ಅಡಗುವ ತಪ್ಪು

ಮಾನ್ಯರೆ,

ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ದತ್ತಾಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ಕಲಿಸುವವರು ಫಂಕ್ಷನ್‌ಗಳ (ನಿರ್ದಿಷ್ಟ ಕೆಲಸ ಮಾಡುವ ಆಜ್ಞೆಗಳ) ಮೂರು ಚುಕ್ಕಿಗಳ (...) ಬಗ್ಗೆ ಮೊದಲ ವಾರದಲ್ಲೇ ಎಚ್ಚರಿಸಬೇಕು. ದಾಖಲೆಯಲ್ಲಿಲ್ಲದ ಹೆಸರಿನ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಕೊಟ್ಟರೂ ಆ ಚುಕ್ಕಿಗಳು ಅದನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತವೆ.

10, 20, 30ರ ಮೊತ್ತ ಕೇಳುವಾಗ 'ಎನ್‌ಎ.ಆರ್‌ಎಂ' (na.rm, ಖಾಲಿ ಮೌಲ್ಯಗಳನ್ನು ಬಿಡಲು ಹೇಳುವ ಆರ್ಗ್ಯುಮೆಂಟ್) ಬದಲು 'ಎನ್‌ಎ.ಆರ್‌ಎನ್' = ಟ್ರೂ ಎಂದು ಟೈಪಾದರೆ ಸಮ್ ಫಂಕ್ಷನ್ 61 ಎನ್ನುತ್ತದೆ. ಟ್ರೂ ಎಂಬುದು 1 ಆಗಿ ಲೆಕ್ಕಕ್ಕೆ ಸೇರಿತು; ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಸರಾಸರಿ ಕೊಡುವ ಮೀನ್ ಫಂಕ್ಷನ್ ಇದೇ ತಪ್ಪನ್ನು ಕಡೆಗಣಿಸುತ್ತದೆ, ದತ್ತಾಂಶದಲ್ಲಿ ಖಾಲಿ ಮೌಲ್ಯವಿದ್ದರೆ ಉತ್ತರ ಎನ್‌ಎ (ಮೌಲ್ಯ ಲಭ್ಯವಿಲ್ಲ). ಅದಾದರೂ ಕಣ್ಣಿಗೆ ಬೀಳುತ್ತದೆ. 61 ಬೀಳುವುದಿಲ್ಲ, ನೇರ ವರದಿಗೆ ಹೋಗುತ್ತದೆ.

ಆರ್ಗ್ಯುಮೆಂಟ್‌ಗಳ ಪಟ್ಟಿ ತೋರಿಸುವ ಆರ್ಗ್ಸ್ ಫಂಕ್ಷನ್ ಅನ್ನು ಬರಿಯ ಮೀನ್‌ಗೆ ಹಾಕಿ ನೋಡಿದರೆ ಎಕ್ಸ್ ಮತ್ತು ಚುಕ್ಕಿಗಳಷ್ಟೇ ಕಾಣುತ್ತವೆ; ಅದರ ಮೆಥಡ್ (ಒಂದು ಬಗೆಯ ದತ್ತಾಂಶಕ್ಕೆಂದು ಬರೆದ ರೂಪ) ಆದ ಮೀನ್.ಡಿಫಾಲ್ಟ್‌ಗೆ ಹಾಕಿದರೆ ಟ್ರಿಮ್, ಎನ್‌ಎ.ಆರ್‌ಎಂ ಸಿಗುತ್ತವೆ. ಇದನ್ನು ವಿದ್ಯಾರ್ಥಿಗಳಿಂದ ಲ್ಯಾಬ್‌ನಲ್ಲೇ ಮಾಡಿಸಬೇಕು.

ಪ್ಯಾಕೇಜ್ (ಇತರರು ಬಳಸಲು ಕೊಡುವ ಫಂಕ್ಷನ್‌ಗಳ ಕಟ್ಟು) ಬರೆಯುವವರ ಹೊಣೆ ಇನ್ನೂ ದೊಡ್ಡದು. ಪ್ಯಾಕೇಜನ್ನು ಪರೀಕ್ಷಿಸುವ ಆರ್‌ನ ಚೆಕ್ ಕಮಾಂಡ್, ವಿವರಣೆಯಿಲ್ಲದ ಆರ್ಗ್ಯುಮೆಂಟ್‌ಗಳ ಹೆಸರು ಹಿಡಿದು ವಾರ್ನಿಂಗ್ ಕೊಡುತ್ತದೆ. ಆದರೆ ಚುಕ್ಕಿಗಳಿಗೆ ಒಂದು ಸಾಲು ಬರೆದಿದ್ದರೆ ಅದಕ್ಕೆ ಸಮಾಧಾನ. ಅವು ಯಾವ ಒಳಫಂಕ್ಷನ್‌ಗೆ ಹೋಗುತ್ತವೆ ಎಂದು ನೋಡುವುದಿಲ್ಲ. 'ಇತರ ಆರ್ಗ್ಯುಮೆಂಟ್‌ಗಳು' ಎಂದು ಬರೆದು ಕೈತೊಳೆದುಕೊಳ್ಳುವುದು ಓದುವವರಿಗೆ ಮಾಡುವ ಅನ್ಯಾಯ. ಒಳಫಂಕ್ಷನ್‌ನ ಹೆಸರು ಬರೆಯಿರಿ. ಮೆಥಡ್‌ನಲ್ಲಿ ಚುಕ್ಕಿಗಳಿದ್ದೂ ಬಳಕೆಯಾಗದಿದ್ದರೆ ಮೊದಲ ಸಾಲಲ್ಲೇ ಸಿಎಚ್‌ಕೆಡಾಟ್ಸ್ (chkDots) ಫಂಕ್ಷನ್ ಕರೆಯಿರಿ, ತಪ್ಪು ಹೆಸರು ಬಂದ ಕೂಡಲೇ ವಾರ್ನಿಂಗ್ ಬರುತ್ತದೆ. ಕೆಲಸವನ್ನೇ ನಿಲ್ಲಿಸಬೇಕೆಂದರೆ ಆರ್‌ಲ್ಯಾಂಗ್ ಪ್ಯಾಕೇಜಿನ ಚೆಕ್_ಡಾಟ್ಸ್_ಎಂಪ್ಟಿ ಇದೆ.

– ಸಂಖ್ಯಾಶಾಸ್ತ್ರ ಬೋಧಕರು, ಮೈಸೂರು